ನೆನಪಿದೆ ಎಂದು ಹೇಳಲು ಕಲಿತದ್ದು

ಈ ವಯಸ್ಸಿನಲ್ಲಿ ಹೊಸದೊಂದು ಭಾಷೆ ಕಲಿಯುವ ಹುಮ್ಮಸ್ಸು ನನಗಿರಲಿಲ್ಲ. ಚಳ್ಳಕೆರೆಯಿಂದ ಕುದಾಪುರದ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ, ನಾಲ್ಕು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿ, ಸಂಜೆ ಮನೆಗೆ ಬಂದು ಒಲೆ ಹಚ್ಚುವ ಹೊತ್ತಿಗೆ ಮಾತಾಡುವುದೂ ಬೇಡವೆನಿಸುತ್ತಿತ್ತು. ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ನಾವಿಬ್ಬರೂ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂಥದ್ದರಲ್ಲಿ ಹೋದ ವರ್ಷ ಸ್ಪ್ಯಾನಿಶ್ ಭಾಷೆಯ ಒಂದು ಕ್ರಿಯಾಪದ ಕಲಿತೆ. ನೆನಪಿದೆ, ನೆನಪಿಲ್ಲ ಎಂದು ನಾವು ಹೇಳುತ್ತೇವಲ್ಲ, ಅದು. ಆ ದೇಶದ ಸಣ್ಣ ಮಕ್ಕಳೂ ದಿನಕ್ಕೆ ಹತ್ತು ಸಲ ಆಡುವ ಮಾತಂತೆ. ಅದನ್ನು ನೆಟ್ಟಗೆ ಬಳಸಲು ನನಗೆ ಏಳು ತಿಂಗಳು ಬೇಕಾಯಿತು. ಯಾಕೆ ಅಷ್ಟು ದಿನ ಹಿಡಿಯಿತು ಎಂದು ಹೇಳಬೇಕಾದರೆ ಮೊದಲು ಮೊಳಕಾಲ್ಮುರಿನ ನಮ್ಮ ಮನೆಗೆ ಹೋಗಬೇಕು. ಅಲ್ಲಿಗೆ ಹೋಗುವುದನ್ನು ನಾನು ಬಹಳ ವರ್ಷ ತಪ್ಪಿಸಿಕೊಂಡು ಬಂದಿದ್ದೆ.

ಆ ಮನೆಯಲ್ಲಿ ಮಗ್ಗವಿರಲಿಲ್ಲ, ಮಗ್ಗದ ಗುಂಡಿ ಇತ್ತು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ನನಗೆ ಒಂಬತ್ತು ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡ. ಮಗ್ಗ ಅವನದಾಗಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಅದರ ಯಜಮಾನರು ಆಳುಗಳನ್ನು ಕರೆದುಕೊಂಡು ಬಂದು ಮರದ ಚೌಕಟ್ಟು, ಹಗ್ಗ, ಲಾಳಿ ಎಲ್ಲ ಬಿಚ್ಚಿ ಗಾಡಿಗೆ ಹಾಕಿಕೊಂಡು ಹೋದರು. ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿ ಮಾತ್ರ ನೆಲದಲ್ಲಿ ಉಳಿಯಿತು. ಉದ್ದನೆಯ ಒಂದೇ ಕೋಣೆ, ಹಿಂದೆ ಎದೆಮಟ್ಟದ ಅಡ್ಡಗೋಡೆ, ಆ ಗೋಡೆಯ ಆಚೆ ಒಲೆ, ಒಲೆಯ ಪಕ್ಕ ಹಿತ್ತಲ ಬಾಗಿಲು. ಕೋಣೆಯ ಮುಕ್ಕಾಲು ಪಾಲನ್ನು ಮಗ್ಗವೇ ಹಿಡಿದಿದ್ದರಿಂದ ಅದು ಹೋದ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಆದರೂ ನಾವು ನಾಲ್ಕು ಜನ ಹಳೆಯ ರೂಢಿಯಂತೆ ಗೋಡೆಯಂಚಿಗೇ ಮಲಗುತ್ತಿದ್ದೆವು. ನಾಲ್ಕು ಜನ ಎಂದರೆ ಅವ್ವ, ಅಪ್ಪನ ತಾಯಿ, ನಾನು, ಮತ್ತು ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಓಬಕ್ಕ. ಅವಳನ್ನು ಎಲ್ಲರೂ ಓಬಿ ಎನ್ನುತ್ತಿದ್ದರು. ಗುಂಡಿ ಓಬಿಯ ಜಾಗವಾಯಿತು. ಅದರೊಳಗೆ ಇಳಿದು ಕೂತರೆ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು.

ಅಪ್ಪನ ತಾಯಿಯನ್ನು ನಾವು ಜೇಜಿ ಎಂದು ಕರೆಯುತ್ತಿದ್ದೆವು. ಗಡಿಯಾಚೆಯ ರಾಯದುರ್ಗದ ಕಡೆಯವಳು, ಮನೆಮಾತು ತೆಲುಗು. ಅವ್ವ ನನ್ನಿವಾಳದ ರೈತರ ಮನೆಯವಳು, ಕನ್ನಡ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಜೇಜಿ ತೆಲುಗಿನಲ್ಲಿ ಕೇಳುವಳು, ಅವ್ವ ಕನ್ನಡದಲ್ಲಿ ಉತ್ತರ ಕೊಡುವಳು. ಇಬ್ಬರಿಗೂ ಅರ್ಥವಾಗುತ್ತಿತ್ತು, ಬೇಕಾದಾಗ ಅರ್ಥವಾಗದಂತೆ ಇರುವುದೂ ಗೊತ್ತಿತ್ತು. ನೆನಪಿದೆಯಾ ಎಂದು ಕೇಳಬೇಕಾದರೆ ಜೇಜಿ 'ಗುರ್ತುಂದಾ' ಎನ್ನುವಳು, ಅವ್ವ 'ಗ್ಯಾನ ಐತಾ' ಎನ್ನುವಳು. ಬೆಳಿಗ್ಗೆಯಿಂದ ಅವ್ವ ರಾಟೆಯ ಮುಂದೆ ಕೂತು ಬೇರೆಯವರ ಮಗ್ಗಗಳಿಗೆ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ರೇಷ್ಮೆ ಎಳೆ ಸುತ್ತುವ ಕೆಲಸ ಅದು. ಜೇಜಿ ತುಂಡಾದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಅವಳ ಬೆರಳಿಗೆ ಎಳೆ ಸಿಗುತ್ತಿತ್ತು. ಇಬ್ಬರ ಜಗಳವೆಲ್ಲ ಹುಣಸೆಹಣ್ಣಿನದು. ಹುರುಳಿ ಸಾರಿಗೆ ಜೇಜಿ ಹಾಕುವ ಹುಳಿಗೆ ಅವ್ವನ ಹಲ್ಲು ಜುಮ್ಮೆನ್ನುತ್ತಿತ್ತು. ಅವ್ವ ಸಾರು ಮಾಡಿದ ದಿನ ಜೇಜಿ ಒಂದು ತುತ್ತು ಬಾಯಿಗಿಟ್ಟು, ನೀರು ಕುಡಿದಂಗಾಯ್ತು ಎಂದು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದಳು. ಅಮಾವಾಸ್ಯೆಯ ದಿನ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಅವತ್ತು ಜೇಜಿ ಖಾಲಿ ಗುಂಡಿಯನ್ನು ಸಗಣಿಯಿಂದ ಸಾರಿಸಿ, ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ದೀಪ ಇಡುತ್ತಿದ್ದಳು. ಇಲ್ಲದ ಮಗ್ಗಕ್ಕೆ ಯಾಕೆ ದೀಪ ಎಂದು ಅವ್ವ ಸಿಡುಕುವಳು, ಸಿಡುಕುತ್ತಲೇ ಎಣ್ಣೆ ತಂದುಕೊಡುವಳು. ಇವರಿಬ್ಬರಿಗೂ ಆಗಿಬರುವುದಿಲ್ಲ ಎಂದು ಆಗ ನಾನು ತಿಳಿದುಕೊಂಡಿದ್ದೆ. ಆಗಿಬರದೆ ಇರುವುದು ಎಂದರೆ ಹೇಗಿರುತ್ತದೆ ಎಂದು ಆಮೇಲೆ ನೋಡಿದೆ.

ಒಂದು ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಶಿವರಾತ್ರಿ ಕಳೆದರೂ ಬಿಡಲಿಲ್ಲ. ಸೆರಗಿನಲ್ಲಿ ರಕ್ತ ಕಂಡ ಮೇಲೆ ಕೆಲಸ ಕೊಡುವವರು ನೂಲಿನ ಬುಟ್ಟಿಯನ್ನು ಒಳಗೆ ತಾರದೆ ಹೊಸಿಲಾಚೆ ಇಟ್ಟು ಹೋಗತೊಡಗಿದರು. ಕೊನೆಗೆ ಅವಳನ್ನು ದೂರದ ಕ್ಷಯದ ಆಸ್ಪತ್ರೆಗೆ ಸೇರಿಸಿದರು. ಮಕ್ಕಳು ಹತ್ತಿರ ಬರಕೂಡದು ಎಂದರು. ಎಷ್ಟು ದಿನ ಎಂದು ಹೇಳಲು ಯಾರಿಗೂ ಬರಲಿಲ್ಲ. ನಾನು ನಾಲ್ಕನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಅವ್ವನ ರಾಟೆಯ ಮುಂದೆ ಕೂತೆ. ಓಬಿ ಅವ್ವನ ಸೀರೆಯೊಂದನ್ನು ಗುಂಡಿಯೊಳಗೆ ಎಳೆದುಕೊಂಡು ಅದರ ಮೇಲೆ ಕೂತಿರುತ್ತಿದ್ದಳು. ನಾನು ರಾಟೆ ತಿರುಗಿಸಬೇಕು, ಜೇಜಿ ಒಲೆ ನೋಡಬೇಕು, ನೀರು ತರಬೇಕು, ನಾಲ್ಕು ವರ್ಷದ ಮಗು ಯಾವ ಹೊತ್ತಿನಲ್ಲಿ ಬೀದಿಗೆ ಹೋಗುತ್ತದೋ ನೋಡುವವರಿರಲಿಲ್ಲ. ಗಡಿಯಾಚೆ, ಪರದೇಶದವರು ನಡೆಸುತ್ತಿದ್ದ ಮಕ್ಕಳ ಮನೆಯೊಂದಿತ್ತು. ಅಲ್ಲಿಂದ ಒಬ್ಬ ಹೆಂಗಸು ಬಂದು, ತಾಯಿ ಹುಷಾರಾಗುವ ತನಕ ಒಂದು ಮಗುವನ್ನು ನಾವು ಸಾಕುತ್ತೇವೆ ಎಂದಳು. ಆದರೆ ಮನೆಯವರು ಆಗಾಗ ಬಂದು ನೋಡಿಕೊಂಡು ಹೋಗಬೇಕು. ಬಹಳ ದಿನ ಯಾರೂ ಬಾರದೇ ಹೋದರೆ ಆ ಮಗು ಯಾರಿಗೂ ಬೇಡವೆಂದು ತಿಳಿದು ಬೇರೆ ಸಂಸಾರಕ್ಕೆ ಕೊಡಬೇಕಾಗುತ್ತದೆ ಎಂದೂ ಬಿಡಿಸಿ ಹೇಳಿದಳು. ಆ ಮಾತನ್ನು ಜೇಜಿಯೂ ಕೇಳಿದಳು, ನಾನೂ ಕೇಳಿದೆ. ಆಸ್ಪತ್ರೆಗೆ ಹೋಗಿ ಅವ್ವನ ಹೆಬ್ಬೆಟ್ಟನ್ನೂ ಹಾಕಿಸಿಕೊಂಡು ಬಂದರು. ಇಬ್ಬರಲ್ಲಿ ಯಾರು ಎಂಬ ಮಾತು ಬಂದಾಗ ಜೇಜಿ ನನ್ನ ಕೈಯನ್ನು ನೋಡಿ, ತೆಲುಗಿಗೆ ಕನ್ನಡ ಬೆರೆಸಿ ಹೇಳಿದಳು:

"ಪೆದ್ದಪಿಲ್ಲ ಕಂಡಿಕೆ ಸುತ್ತುತ್ತೆ, ಇದು ಇರಲಿ. ಚಿನ್ನಪಿಲ್ಲನ್ನ ಕರ್ಕೊಂಡು ಹೋಗ್ರಿ. ಅದು ಅಲ್ಲಿ ನಿಲ್ದಿದ್ರೆ ವಾಪಸ್ ಕರ್ಕೊಂಡು ಬಂದು ಇದನ್ನ ಕಳಿಸ್ತೀನಿ."

ದೊಡ್ಡ ಹುಡುಗಿ ನಾನು, ಚಿಕ್ಕವಳು ಓಬಿ. ಜೇಜಿಯ ಆ ಕೊನೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ಓಬಿ ಅಲ್ಲಿ ನಿಲ್ಲಬೇಕು, ನಿಲ್ಲದಿದ್ದರೆ ನಾನು ಹೋಗಬೇಕು. ಅವಳು ಹೊರಡುವ ಬೆಳಿಗ್ಗೆ ನಾನೇ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಅವ್ವನ ಹತ್ತಿರ ಕರೆದುಕೊಂಡು ಹೋಗುತ್ತಾರೆ ಎಂದು ಅವಳು ತಿಳಿದಿದ್ದಳು. ಅಲ್ಲ ಎಂದು ಯಾರೂ ಹೇಳಲಿಲ್ಲ. ಜೀಪಿನವರೆಗೆ ಎತ್ತಿಕೊಂಡು ಹೋದೆ. ಒಳಗೆ ಕೂತ ಮೇಲೆ, ಅಕ್ಕ ನೀನು ಹತ್ತಲ್ವಾ ಎಂದು ಕೇಳಿದಳು. ಹಿಂದೆ ಬರೋ ಬಸ್ಸಿಗೆ ಬರ್ತೀನಿ ಎಂದೆ. ಅವಳು ಅಳಲಿಲ್ಲ. ಜೀಪು ಹೋದ ಮೇಲೆ ನಾನು ಮನೆಗೆ ಬಂದು ರಾಟೆಯ ಮುಂದೆ ಕೂತೆ.

ಜೇಜಿ ಒಂದು ಸಲ ಹೋಗಿ ನೋಡಿಕೊಂಡು ಬಂದಳು. ಮಗುವಿಗೆ ಒಳ್ಳೆಯ ಬಟ್ಟೆ ಹಾಕಿದ್ದಾರೆ, ಮೈ ಕೈ ತುಂಬಿಕೊಂಡಿದ್ದಾಳೆ ಎಂದು ಸಮಾಧಾನದಿಂದ ಹೇಳಿದಳು. ಆಮೇಲೆ ಅವಳ ಮೊಣಕಾಲು ಊದಿಕೊಂಡಿತು. ಬಸ್ಸು ಹತ್ತುವುದಿರಲಿ, ಹಿತ್ತಲಿಗೆ ಹೋಗುವುದಕ್ಕೂ ನನ್ನ ಹೆಗಲು ಬೇಕಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಂಚೆಯವನು ಕಾರ್ಡು ತಂದುಕೊಟ್ಟ. ತೆಲುಗು ಅಕ್ಷರ. ಜೇಜಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ನನಗೆ ಕನ್ನಡ ಮಾತ್ರ ಬರುತ್ತಿತ್ತು, ಆದರೆ ಎರಡೂ ಲಿಪಿ ಅಕ್ಕತಂಗಿಯರಂತೆ. ಬೆರಳಿಟ್ಟು ಕೂಡಿಸಿಕೊಂಡು ಹೋದರೆ ಓದಬಹುದಿತ್ತು. ಭಾಷೆಯೂ ಮನೆಯಲ್ಲಿ ದಿನವಿಡೀ ಕೇಳಿದ್ದೇ ಆಗಿತ್ತು. ಮಗು ಅಳುತ್ತಿದೆ, ಯಾರೂ ನೋಡಲು ಬಂದಿಲ್ಲ, ಕೂಡಲೇ ಬರಬೇಕು ಎಂದಿತ್ತು. 'ರಾವಾಲಿ' ಎಂಬ ಮಾತು ಎರಡು ಸಲ ಇತ್ತು. ಬರಬೇಕು. ಅದು ನನಗೆ ಸ್ಪಷ್ಟವಾಗಿ ಓದಲು ಬಂತು. ಜೇಜಿ ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಏನಂತೆ ಎಂದು ಕೇಳಿದಳು.

"ಓಬಿ ಚೆನ್ನಾಗವ್ಳಂತೆ ಜೇಜಿ. ಮುಂದಿನ ವರ್ಷ ಸ್ಕೂಲಿಗೆ ಹಾಕ್ತಾರಂತೆ."

ಜೇಜಿ ಕಾರ್ಡನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ಸೂರಿನ ಸಂದಿಗೆ ಸಿಕ್ಕಿಸಲು ನನ್ನ ಕೈಗೇ ಕೊಟ್ಟಳು. ಎರಡು ದಿನ ಅದು ಅಲ್ಲಿತ್ತು. ಮೂರನೆಯ ದಿನ ಬೆಳಿಗ್ಗೆ ಒಲೆ ಹೊತ್ತಿಸುವಾಗ ನಾನು ಅದನ್ನು ತೆಗೆದು ಕಡ್ಡಿಪುಳ್ಳೆಯ ಜೊತೆ ಉರಿಗೆ ಹಾಕಿದೆ. ನನಗೆ ಹತ್ತು ವರ್ಷ. ಏನು ಮಾಡುತ್ತಿದ್ದೇನೆ ಎಂದು ತಿಳಿಯದ ವಯಸ್ಸು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಿಳಿದಿದ್ದರಿಂದಲೇ ಸುಟ್ಟೆ.

ಅವ್ವ ಒಂದೂವರೆ ವರ್ಷದ ಮೇಲೆ ವಾಸಿಯಾಗಿ ಬಂದಳು. ಗುರುತು ಸಿಗದಷ್ಟು ಬಡವಾಗಿದ್ದಳು. ಮಾರನೆಯ ದಿನವೇ ಮೊದಲ ಬಸ್ಸಿಗೆ ಗಡಿಯಾಚೆ ಹೋದಳು, ಸಂಜೆಯ ಬಸ್ಸಿಗೆ ಒಬ್ಬಳೇ ಬಂದಳು. ಮಗುವನ್ನು ಸಮುದ್ರದಾಚೆಯ ಒಂದು ಸಂಸಾರಕ್ಕೆ ಕೊಟ್ಟಾಗಿದೆ, ಗಂಡ ಹೆಂಡತಿ ಒಳ್ಳೆಯವರು, ಅಳುತ್ತಾ ಕರೆದುಕೊಂಡು ಹೋದರು ಎಂದು ಅವಳಿಗೆ ಹೇಳಿದ್ದರು. ನಾವು ಕಾರ್ಡು ಬರೆದೆವು, ಕಾದೆವು, ಯಾರೂ ಬರಲಿಲ್ಲ ಎಂದೂ ಹೇಳಿದ್ದರು. ಅವ್ವ ಹೊಸಿಲ ಮೇಲೆ ಕೂತು, ಒಳಗೆ ಬಾರದೆ, ಅಲ್ಲಿಂದಲೇ ಜೇಜಿಯನ್ನು ಕೇಳಿದಳು. ಕಾರ್ಡು ಬಂದಿದ್ದು ಹೌದು, ಹುಡುಗಿ ಓದಿತು, ಚೆನ್ನಾಗಿದ್ದಾಳೆ ಎಂದಿತ್ತು ಎಂದಳು ಜೇಜಿ. ಅವ್ವ ನನ್ನ ಕಡೆ ತಿರುಗಿದಳು.

"ಏನಿತ್ತೇ ಅದ್ರಾಗೆ?"

"ಗ್ಯಾನ ಇಲ್ಲವ್ವ."

ಅಷ್ಟೇ ಹೇಳಿದೆ. ಜೇಜಿ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವ್ವನಿಗೆ, ಮಗು ಅದು, ತೆಲುಗು ಅಕ್ಷರ ಅದಕ್ಕೇನು ಗೊತ್ತು, ನಾನೇ ಇನ್ನೊಬ್ಬರ ಕೈಲಿ ಓದಿಸಬೇಕಿತ್ತು, ತಪ್ಪು ನನ್ನದು ಎಂದಳು. ಅವ್ವ ಅದನ್ನು ನಂಬಲಿಲ್ಲ. ಮುದುಕಿಗೆ ಎಲ್ಲ ಗೊತ್ತಿತ್ತು, ಒಂದು ಬಾಯಿ ಕಡಿಮೆಯಾಗಲಿ ಎಂದು ಸುಮ್ಮನಿದ್ದಳು ಎಂದೇ ಅವಳ ಮನಸ್ಸಿಗೆ ಬಂತು. ಆ ವಾರವೇ ಹಿತ್ತಲ ಬಾಗಿಲ ಆಚೆ ಮೂರು ಕಲ್ಲು ಹೂಡಿ ಬೇರೆ ಒಲೆ ಮಾಡಿಕೊಂಡಳು. ಒಂದೇ ಸೂರಿನಡಿ ಎರಡು ಅಡುಗೆ. ಜೇಜಿ ಮುಟ್ಟಿದ ಕೊಡದ ನೀರನ್ನು ಅವ್ವ ಕುಡಿಯಲಿಲ್ಲ. ಹೀಗೆ ಏಳು ವರ್ಷ. ನಾನು ಬೆಳಿಗ್ಗೆ ಜೇಜಿಯ ಒಲೆಯ ಮುಂದೆ ಉಣ್ಣುತ್ತಿದ್ದೆ, ಸಂಜೆ ಅವ್ವನ ಒಲೆಯ ಮುಂದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಜೇಜಿಯ ಸಾರಿನ ಹುಳಿ ಬರಬರುತ್ತಾ ಕಡಿಮೆಯಾಗಿ, ಕೊನೆಕೊನೆಗೆ ಅವ್ವ ಮಾಡಿದಂತೆಯೇ ಇರುತ್ತಿತ್ತು. ಅದನ್ನು ಅವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವ್ವ ಹಟ ಹಿಡಿದು ನನ್ನನ್ನು ಮತ್ತೆ ಶಾಲೆಗೆ ಹಾಕಿದಳು. ಚೆನ್ನಾಗಿ ಓದಿದೆ. ಮನೆಯಲ್ಲಿ ಯಾರು ಏನು ಕೇಳಿದರೂ ಗ್ಯಾನ ಇಲ್ಲ ಎನ್ನುವುದು ರೂಢಿಯಾಯಿತು. ಮೊದಲು ಆ ಒಂದು ವಿಷಯಕ್ಕೆ, ಆಮೇಲೆ ಎಲ್ಲಕ್ಕೂ. ಮದುವೆಯಾದ ಮೇಲೆ ನನ್ನ ಯಜಮಾನರು, ನಿನಗೆ ಸಣ್ಣಂದಿನ ಒಂದು ಸಂಗತಿಯೂ ನೆನಪಿಲ್ಲವಲ್ಲ ಎಂದು ಆಶ್ಚರ್ಯಪಡುತ್ತಿದ್ದರು.

ಜೇಜಿ ಮತ್ತೆಂದೂ ನನ್ನ ಕೈಯಲ್ಲಿ ಏನನ್ನೂ ಓದಿಸಲಿಲ್ಲ. ಕಾಲಿನ ಊತ ಇಳಿದ ಮೇಲೆ, ಒಂದು ಚೀಟಿ ಬಂದರೂ ಕುಂಟುತ್ತಾ ಬೀದಿಯ ಕೊನೆಯವರೆಗೆ ಹೋಗಿ ಬೇರೆಯವರಿಂದ ಓದಿಸಿಕೊಂಡು ಬರುತ್ತಿದ್ದಳು. ಅವಳಿಗೆ ಎಷ್ಟು ತಿಳಿದಿತ್ತು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಅವಳು ತೀರಿಹೋದಾಗ ಅವ್ವ ಎಲ್ಲವನ್ನೂ ಮಾಡಿದಳು. ಮೈ ತೊಳೆದಳು, ಹೊಸ ಸೀರೆ ಉಡಿಸಿದಳು, ತಿಥಿಯ ದಿನ ಬಂದವರಿಗೆಲ್ಲ ಬಡಿಸಿದಳು. ತಾನು ಮಾತ್ರ ಆ ಅನ್ನ ಉಣ್ಣಲಿಲ್ಲ.

ಹೋದ ವರ್ಷ ಒಂದು ಸಂಜೆ ರಾಯದುರ್ಗದಿಂದ ಸುಶೀಲಮ್ಮ ಎಂಬವರು ಫೋನು ಮಾಡಿದರು. ಆ ಮಕ್ಕಳ ಮನೆಯಲ್ಲಿ ದಾದಿಯಾಗಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಪರದೇಶದವರ ಜೊತೆ ಇದ್ದು ಇದ್ದು ಸ್ಪ್ಯಾನಿಶ್ ಕಲಿತಿದ್ದರು. ಸ್ಪೇನಿನಲ್ಲಿರುವ ನೂರಿಯಾ ಎಂಬ ಹೆಂಗಸು ತನ್ನ ಮನೆಯವರನ್ನು ಹುಡುಕುತ್ತಿದ್ದಾಳೆ, ಮೊಳಕಾಲ್ಮುರಿನಲ್ಲಿ ವಿಚಾರಿಸಿ ನಿಮ್ಮ ನಂಬರು ಸಿಕ್ಕಿತು, ಅವಳ ಹಳೆಯ ಹೆಸರು ಓಬಕ್ಕ ಎಂದರು. ಅವ್ವನಿಗೆ ಹೇಳಿದಾಗ ಬದುಕೈತಾ ಎಂದಳು. ಫೋಟೋ ಬಂದ ಮೇಲೆ ಫೋನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತಲೆ ಅರ್ಧ ನರೆತ, ಕನ್ನಡಕ ಹಾಕಿದ ಹೆಂಗಸು. ಮೂಗು ನಿಮ್ಮಪ್ಪಂದು ಎಂದು ಫೋನು ವಾಪಸು ಕೊಟ್ಟಳು.

ನೂರಿಯಾಳ ಮೊದಲ ಪತ್ರದಲ್ಲಿ ಹೆಚ್ಚೇನಿರಲಿಲ್ಲ. ಸಾಕಿದ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ಅವರ ಪೆಟ್ಟಿಗೆಯಲ್ಲಿ ತನ್ನ ಕಾಗದಪತ್ರ ಸಿಕ್ಕವು, ಮನೆಯವರಿಗೆ ಕಾರ್ಡು ಬರೆದಿದ್ದೇವೆಂದು ಅದರಲ್ಲಿದೆ. ಆ ಕಾರ್ಡು ನಿಮಗೆ ತಲುಪಿತ್ತೇ, ನಿನಗೆ ನೆನಪಿದೆಯೇ ಎಂದು ಕೇಳಿದ್ದಳು. ಫೋನೇ ಅನುವಾದ ಮಾಡುತ್ತದೆಂದು ಶಾಲೆಯ ಹುಡುಗರು ತೋರಿಸಿಕೊಟ್ಟಿದ್ದರು, ಆದರೆ ಅದು ಕೊಡುವ ಕನ್ನಡ ಯಾರ ಮನೆಯಲ್ಲೂ ಆಡುವ ಕನ್ನಡವಾಗಿರಲಿಲ್ಲ. ಸುಶೀಲಮ್ಮ ಪತ್ರವನ್ನು ತೆಲುಗಿನಲ್ಲಿ ಹೇಳಿದರು. ಉತ್ತರವನ್ನು ನಾನೇ ಬರೆದುಕೊಡುತ್ತೇನೆ, ಆದರೆ ಒಂದು ಸಾಲನ್ನಾದರೂ ನಿಮ್ಮ ಕೈಯಾರೆ ಬರೆಯಿರಿ, ಅವಳಿಗೆ ಖುಷಿಯಾಗುತ್ತದೆ ಎಂದರು. ನೆನಪಿಲ್ಲ ಎನ್ನುವುದಕ್ಕೆ ಆ ಭಾಷೆಯಲ್ಲಿ ಏನನ್ನಬೇಕು ಎಂದು ಕೇಳಿದೆ. ನೊ ರೆಕ್ವೆರ್ದೊ. ಎರಡೇ ಮಾತು. ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಅವರ ಅಕ್ಷರದಲ್ಲಿ ತಿದ್ದಿ, ಫೋಟೋ ತೆಗೆದು ಕಳಿಸಿದೆ. ಹೊಸ ಭಾಷೆಯಲ್ಲಿ ನಾನು ಬರೆದ ಮೊದಲ ವಾಕ್ಯ ಅದು, ಹಳೆಯ ಸುಳ್ಳು. ಮಾರನೆಯ ದಿನವೇ ಉತ್ತರ ಬಂತು. ಪರವಾಗಿಲ್ಲ, ಆಗ ನೀನೂ ಮಗುವಾಗಿದ್ದೆ ಎಂದು ಬರೆದಿದ್ದಳು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ವಾರಕ್ಕೊಂದು ಪತ್ರ ಬರತೊಡಗಿತು. ಪ್ರತಿ ಭಾನುವಾರ ಸುಶೀಲಮ್ಮ ಫೋನಿನಲ್ಲಿ ಓದಿ ಹೇಳುವರು, ಜೊತೆಗೆ ಒಂದಿಷ್ಟು ಪಾಠವೂ ಆಗುತ್ತಿತ್ತು. ಆ ಕ್ರಿಯಾಪದದ ಮೂಲ ರೂಪ ರೆಕೊರ್ದಾರ್. ನಾನು ಎನ್ನುವಾಗ ರೆಕ್ವೆರ್ದೊ, ನೀನು ಎನ್ನುವಾಗ ರೆಕ್ವೆರ್ದಾಸ್, ನಾವು ಎನ್ನುವಾಗ ಮತ್ತೆ ಹಳೆಯ ದಾರಿ ಹಿಡಿದು ರೆಕೊರ್ದಾಮೊಸ್. ಕುದಾಪುರದ ಉದ್ದನೆಯ ಕಾಂಪೌಂಡು ಗೋಡೆಗಳ ಪಕ್ಕ ಬಸ್ಸು ಹೋಗುವಾಗ ಬಾಯೊಳಗೇ ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದೆ. ಬಾಯಿಪಾಠವಾಯಿತು, ವಾಕ್ಯ ಮಾತ್ರ ಪ್ರತಿ ಸಲ ತಪ್ಪುತ್ತಿತ್ತು. ನಾನು 'ನನಗೆ ನೆನಪಿದೆ' ಎಂಬ ನಮ್ಮ ಅಚ್ಚಿನಲ್ಲೇ ಬರೆದು, ಎಲ್ಲ ಕಡೆ 'ನನಗೆ' ಎಂದು ಸೇರಿಸುತ್ತಿದ್ದೆ. ಎಷ್ಟೋ ಭಾನುವಾರ ತಿದ್ದಿ ಸಾಕಾಗಿ ಸುಶೀಲಮ್ಮ ಒಂದು ದಿನ ಹೇಳಿದರು:

"ಟೀಚರಮ್ಮ, ಅದು ಮನ ಲಾಗಾ ಕಾದು, ನಮ್ಮಂಗಲ್ಲ. ನಮಗೆ ನೆನಪು ತಾನೇ ಬರ್ತೈತೆ, ತಾನೇ ಹೋಗ್ತೈತೆ. ಅವ್ರು ಹಂಗನ್ನಲ್ಲ. ನಾನು ಉಂಡೆ, ನಾನು ನಡೆದೆ ಅಂದಂಗೆ, ಅಲ್ಲೂ 'ನಾನು' ಅಂತ್ಲೇ ಅನ್ಬೇಕು."

ಅವರು ಹೇಳಿದ್ದು ವ್ಯಾಕರಣ. ನಾನು ಫೋನು ಇಟ್ಟು ಒಳಗೆ ಹೋಗಿ ಬಟ್ಟೆ ಮಡಚುತ್ತಾ ಕೂತೆ. ಮುಂದಿನ ಮೂರು ವಾರ ಮೈ ಸರಿಯಿಲ್ಲ ಎಂದು ಹೇಳಿ ಪಾಠ ತಪ್ಪಿಸಿಕೊಂಡೆ. ಅದು ಸುಳ್ಳೂ ಆಗಿರಲಿಲ್ಲ. ನಲವತ್ತು ವರ್ಷ ಒಂದು ಬಾಗಿಲನ್ನು ಒತ್ತಿ ಹಿಡಿದವರ ತೋಳಿನಂತೆ ನನ್ನ ಮೈ ಸೋತುಹೋಗಿತ್ತು. ಅಷ್ಟರಲ್ಲಿ ನೂರಿಯಾಳ ಇನ್ನೊಂದು ಪತ್ರ ಬಂತು. ಅಜ್ಜಿಯ ಬಗ್ಗೆ ಕೇಳಿದ್ದಳು. ತನ್ನನ್ನು ಕೊಟ್ಟವಳು ಅಜ್ಜಿ ಎಂದು ಕಾಗದದಲ್ಲಿದೆ, ಕಾರ್ಡು ತಲುಪಿದರೂ ಬಾರದೆ ಹೋದವಳೂ ಅವಳೇ ಇರಬೇಕು, ಅವಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲವೇ ಎಂದು. ಜೇಜಿ ಸತ್ತು ಅಷ್ಟು ವರ್ಷವಾದ ಮೇಲೂ, ಅವಳು ಹೆಸರೇ ಕೇಳಿರದ ಊರಿನಲ್ಲಿ, ಅವಳ ಮೇಲೆ ಅದೇ ಮಾತು ಬಂತು. ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ. ಆದರೆ ಓಬಿಗೆ ಬರೆಯುವ ಮೊದಲು ಅವ್ವನಿಗೆ ಹೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ಅವ್ವ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತೆ. ಕಾರ್ಡು ನಾನು ಓದಿದ್ದೆ, ಬಂದು ಕರೆದುಕೊಂಡು ಹೋಗಿ ಎಂಬ ಅರ್ಥವೇ ಅದರಲ್ಲಿತ್ತು, ಜೇಜಿಗೆ ಬೇರೆ ಹೇಳಿದೆ, ಆಮೇಲೆ ಸುಟ್ಟೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವ್ವನ ಕೈ ನಿಂತಿತು.

"ಯಾಕೆ?"

"ಓಬಿ ಬಂದ್ರೆ ನನ್ನ ಕಳಿಸ್ತಾರೆ ಅಂತ ಹೆದ್ರಿಕೆ ಆಗಿತ್ತು."

"ನಾನು ಕೇಳ್ದಾಗ ಗ್ಯಾನ ಇಲ್ಲ ಅಂದೆ."

"ಗ್ಯಾನ ಇತ್ತವ್ವ. ಒಂದೊಂದು ಅಕ್ಷರನೂ ಗ್ಯಾನ ಇತ್ತು."

ಅವ್ವ ಮೊರದಲ್ಲಿದ್ದ ಕಾಳನ್ನು ನೋಡುತ್ತಾ ಕೂತಳು. ಬೀದಿಯಲ್ಲಿ ಹಾಲಿನವನು ಹೋದ, ಎದುರು ಮನೆಯವರು ಅಂಗಳಕ್ಕೆ ನೀರು ಹಾಕಿದರು. ಅವ್ವ ಧ್ವನಿ ಏರಿಸದೆ ಹೇಳಿದಳು:

"ಏಳು ವರ್ಷ ಆ ಮುದುಕಿ ಕೈಯಾಗಿನ ನೀರು ಮುಟ್ಲಿಲ್ಲ ನಾನು. ನೀನು ಎಲ್ಡೂ ಕಡೆ ಕೂತು ಉಂಡೆ."

ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಬೇರೆ ಒಲೆ ಹೂಡುತ್ತಾಳೇನೋ ಎಂದುಕೊಂಡೆ. ಅವಳಿಗೆ ಅಷ್ಟು ತ್ರಾಣವಿರಲಿಲ್ಲ. ನಾನು ಬಡಿಸಿದ್ದನ್ನು ತಲೆ ಎತ್ತದೆ ಉಂಡು, ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಕ್ಷಮಿಸು ಎಂದು ಕೇಳಬೇಕಾದ ಇನ್ನೊಬ್ಬಳು, ಜೇಜಿ, ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಅವ್ವನೂ ಅವಳಲ್ಲಿ ಕ್ಷಮೆ ಕೇಳಬೇಕಾದವಳೇ ಆಗಿದ್ದಳು, ನನ್ನಿಂದಾಗಿ. ಅವಳು ಮೌನವಾಗಿ ನಡುಮನೆಯಲ್ಲಿ ಕೂತಿರುವಾಗ ಅವಳು ಯಾರನ್ನು ನೆನೆಯುತ್ತಿದ್ದಾಳೆ ಎಂದು ನನಗೆ ಗೊತ್ತಿರುತ್ತಿತ್ತು.

ಆ ವಾರ ನೂರಿಯಾಳಿಗೆ ಬರೆದೆ. ಮೊದಲ ಎರಡು ಸಾಲು ನನ್ನವೇ, ಯಾರನ್ನೂ ಕೇಳದೆ ಬರೆದದ್ದು. ಯೊ ರೆಕ್ವೆರ್ದೊ ಲಾ ಕಾರ್ತಾ. ಲಾ ಲೆಯಿ ಯೊ. ನಾನು ಆ ಕಾಗದವನ್ನು ನೆನಪಿಟ್ಟಿದ್ದೇನೆ, ಅದನ್ನು ಓದಿದವಳು ನಾನು. ಉಳಿದದ್ದನ್ನು ಕನ್ನಡದಲ್ಲಿ ಬರೆದು ಸುಶೀಲಮ್ಮನಿಗೆ ಓದಿ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಇದ್ದದ್ದು ಇದ್ದ ಹಾಗೆ ಅನುವಾದಿಸಿದರು. ನಿಮ್ಮ ಎರಡು ಸಾಲಿನಲ್ಲಿ ತಪ್ಪಿಲ್ಲ ಎಂದು ಮಾತ್ರ ಹೇಳಿದರು.

ಹನ್ನೊಂದು ದಿನ ಉತ್ತರ ಬರಲಿಲ್ಲ. ಬಂದಾಗ ಅದು ಉದ್ದವಿರಲಿಲ್ಲ. ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ, ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಎಂದು ತಿಳಿಯುತ್ತಿಲ್ಲ, ಸದ್ಯಕ್ಕೆ ಫೋನು ಮಾಡಬೇಡ ಎಂದಿದ್ದಳು. ನನಗೆ ಇಲ್ಲಿ ಒಳ್ಳೆಯ ತಂದೆ ತಾಯಿ ಸಿಕ್ಕರು, ಅದಕ್ಕೆ ನಿನಗೆ ಉಪಕಾರ ಹೇಳಲೂ ಆಗುವುದಿಲ್ಲ, ಶಾಪ ಹಾಕಲೂ ಆಗುವುದಿಲ್ಲ ಎಂದಿದ್ದಳು. ಕೊನೆಯಲ್ಲಿ, ಆ ಮನೆ, ನೀನು, ತಾಯಿ, ಅಜ್ಜಿ, ಯಾವುದನ್ನೂ ನಾನು ನೆನಪಿಟ್ಟಿಲ್ಲ, ನನ್ನ ಹತ್ತಿರ ಇರುವುದು ಆ ಪೆಟ್ಟಿಗೆಯ ನಾಲ್ಕು ಹಾಳೆ ಮಾತ್ರ ಎಂದು ಬರೆದಿದ್ದಳು. ನೀನು ನಿನ್ನ ತಪ್ಪನ್ನು ಬರೆದಾಯಿತು, ಇನ್ನು ಅದನ್ನು ಬಿಟ್ಟು ನನ್ನನ್ನು ಬರೆ, ನಾನು ಎಲ್ಲಿ ಕೂರುತ್ತಿದ್ದೆ, ಏನು ತಿನ್ನುತ್ತಿದ್ದೆ, ಒಂದೊಂದಾಗಿ ಬರೆ ಎಂದಿತ್ತು. ಅಕ್ಕ ಎಂದು ಎಲ್ಲೂ ಇರಲಿಲ್ಲ. ಇರಬೇಕೆಂದು ನಾನು ಬಯಸುವಂತೆಯೂ ಇರಲಿಲ್ಲ.

ಬರೆಯತೊಡಗಿದೆ. ಮೊದಲ ದಿನ ಒಂದು ಹಾಳೆಯೂ ತುಂಬಲಿಲ್ಲ. ಕೋಣೆ, ಗುಂಡಿ, ಹಿತ್ತಲು ಆಯಿತು. ಬರೆದದ್ದು ನನಗೇ ಕೇಳಿಸಲಿ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅವ್ವ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾತು ಬಿಟ್ಟು ಮೂರನೆಯ ವಾರ ನಡೆಯುತ್ತಿತ್ತು. ಓಬಿ ಮುದ್ದೆಯನ್ನು ಇಷ್ಟಪಟ್ಟು ಉಣ್ಣುತ್ತಿದ್ದಳು ಎಂದು ಓದಿದೆ.

"ಸುಳ್ಳು ಬರೀಬ್ಯಾಡ," ಎಂದಳು ಅವ್ವ.

ನಾನು ಪೆನ್ನು ಕೆಳಗಿಟ್ಟೆ. ಅವ್ವ ನಿಧಾನಕ್ಕೆ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

"ಮುದ್ದೆ ಅವ್ಳಿಗೆ ಗಂಟ್ಲಾಗೆ ಇಳೀತಿರ್ಲಿಲ್ಲ. ಹಾಲಾಗೆ ಕಿವುಚಿ ನನ್ನ ಬೆರಳಿಂದ ನೆಕ್ಕಿಸ್ಬೇಕಾಗಿತ್ತು. ಮೊದ್ಲು ಬೆರಳು ಕಚ್ಚೋಳು, ಆಮೇಲೆ ನುಂಗೋಳು. ಕಚ್ಚೋಳು ಅಂತಾನೂ ಬರಿ."

ಬರೆದೆ. ಯಾವ ಬೆರಳವ್ವ ಎಂದು ಕೇಳಿದೆ. ಅವ್ವ ಬಲಗೈಯನ್ನು ಮುಂದೆ ಚಾಚಿ, ಐದು ಬೆರಳನ್ನೂ ಬಿಡಿಸಿ, ಬಹಳ ಹೊತ್ತು ನೋಡಿಕೊಂಡಳು.

"ಇದು," ಎಂದಳು.